ಯುದ್ಧ ಮುಗಿದ ದೇಶದಲ್ಲಿ ದುಡ್ಡು ಹಾಕೋಕೆ ಮುಂಚೆ ಏನೇನು ನೋಡಬೇಕು

ಯುದ್ಧ ನಿಂತ ದೇಶಕ್ಕೆ ಸಿಮೆಂಟ್, ಕರೆಂಟ್, ಸೇತುವೆ, ಮನೆ ಎಲ್ಲವೂ ಬೇಕು. ಹಾಗಂತ ಅಲ್ಲಿ ಹಾಕಿದ ದುಡ್ಡೆಲ್ಲ ವಾಪಸ್ ಬರುತ್ತದೆ ಅಂದುಕೊಳ್ಳಬೇಡಿ.

ದಾನಿ ದೇಶಗಳ ಸಭೆಯಲ್ಲಿ ಹೇಳುವ ದೊಡ್ಡ ಮೊತ್ತಕ್ಕೆ ಮರುಳಾಗಬೇಡಿ. 2018ರಲ್ಲಿ ಕುವೈತ್‌ನಲ್ಲಿ ಇರಾಕ್‌ಗಾಗಿ ಇಂಥ ಸಭೆ ನಡೆಯಿತು. ಬೇಕಿದ್ದದ್ದು ಸುಮಾರು 88 ಬಿಲಿಯನ್ ಡಾಲರ್, ಸಿಕ್ಕ ಭರವಸೆ 30 ಬಿಲಿಯನ್, ಅದರಲ್ಲೂ ಬಹುಪಾಲು ಸಾಲ ಮತ್ತು ಹೂಡಿಕೆಯ ಮಾತು. ನಿಮ್ಮ ಬಿಲ್ ಕಟ್ಟೋರು ಯಾರು, ಆ ದುಡ್ಡು ಬಿಡುಗಡೆ ಆಗಿದೆಯಾ ಅಂತ ಮೊದಲು ಕೇಳಿ.

ಆಮೇಲೆ ಜಾಗ. ನನ್ನ ಪ್ರಕಾರ ಅರ್ಧ ತಲೆನೋವು ಇಲ್ಲೇ ಇರೋದು. ಜನ ಊರು ಬಿಟ್ಟು ಓಡಿರುತ್ತಾರೆ, ಖಾಲಿ ಮನೆಗೆ ಬೇರೆಯವರು ಬಂದು ಸೇರಿಕೊಂಡಿರುತ್ತಾರೆ, ದಾಖಲೆಗಳೇ ಸುಟ್ಟುಹೋಗಿರುತ್ತವೆ. ಕಾಂಬೋಡಿಯಾದಲ್ಲಿ 1970ರ ದಶಕದ ಖಮೇರ್ ರೂಜ್ ಅನ್ನೋ ಕಮ್ಯುನಿಸ್ಟ್ ಗುಂಪಿನ ಆಡಳಿತ ಖಾಸಗಿ ಆಸ್ತಿಯನ್ನೇ ರದ್ದು ಮಾಡಿ ಭೂದಾಖಲೆಗಳನ್ನು ನಾಶ ಮಾಡಿತ್ತು. ಬೋಸ್ನಿಯಾದಲ್ಲಿ ಯುದ್ಧ ನಿಲ್ಲಿಸಿದ 1995ರ ಡೇಟನ್ ಶಾಂತಿ ಒಪ್ಪಂದ, ಊರು ಬಿಟ್ಟವರಿಗೆ ತಮ್ಮ ಆಸ್ತಿ ವಾಪಸ್ ಕೇಳುವ ಹಕ್ಕು ಕೊಟ್ಟಿತು. ಹಾಗಾಗಿ ಮಾರೋನ ಹೆಸರಲ್ಲಿ ಪತ್ರ ಇದ್ದರೆ ಸಾಲದು. ಯುದ್ಧಕ್ಕೆ ಮುಂಚೆ ಜಾಗ ಯಾರದ್ದಿತ್ತು, ನಡುವೆ ಕೈ ಬದಲಾಯಿತಾ, ಬದಲಾಗಿದ್ದರೆ ಮಾರಿದ್ದಾ ಇಲ್ಲ ಹೆದರಿಸಿ ಬರೆಸಿಕೊಂಡಿದ್ದಾ ಅಂತ ಅಕ್ಕಪಕ್ಕದವರನ್ನೂ ವಿಚಾರಿಸಿ. ವಕೀಲರು ನಿಮ್ಮವರೇ ಆಗಿರಲಿ.

ಅದೇ ಜಾಗದಲ್ಲಿ ನೆಲಬಾಂಬ್ ಇದೆಯಾ ಅನ್ನೋದೂ ಗೊತ್ತಾಗಬೇಕು ಅಲ್ವಾ? ತೆರವು ಮಾಡಿದ್ದಕ್ಕೆ ಪತ್ರ ಕೇಳಿ, ಎಷ್ಟು ಆಳದವರೆಗೆ ಹುಡುಕಿದ್ದಾರೆ ಅಂತ ಅದರಲ್ಲಿ ನೋಡಿ. ಬೇಸಾಯಕ್ಕೆ ಸಾಕು ಅನ್ನುವಷ್ಟೇ ಆಳ ಹುಡುಕಿದ್ದರೆ, ನೀವು ಪಾಯ ತೋಡುವಾಗ ಅದಕ್ಕಿಂತ ಕೆಳಗೆ ಹೋಗ್ತೀರಿ.

ಲಾಭ ಹೊರಗೆ ತರೋಕೆ ಬಿಡ್ತಾರಾ? ಉಕ್ರೇನ್‌ನ ಕೇಂದ್ರ ಬ್ಯಾಂಕ್ 2022ರಲ್ಲಿ ಯುದ್ಧ ಶುರುವಾದಾಗ ಲಾಭಾಂಶ ಹೊರಗೆ ಕಳಿಸುವುದನ್ನು ತಡೆಯಿತು, 2024ರಲ್ಲಿ ಮಿತಿ ಹಾಕಿ ಸ್ವಲ್ಪ ಸಡಿಲಿಸಿತು. ಸದ್ಯಕ್ಕೆ ಬಂದ ಲಾಭವನ್ನು ಅಲ್ಲೇ ತೊಡಗಿಸೋಕೆ ಆಗುತ್ತಾ ಅಂತ ಯೋಚಿಸಿ. ಆಗಲ್ಲ ಅಂದರೆ ಆ ಯೋಜನೆ ಬಿಡಿ.

ವಿಮೆಗೆ ವಿಶ್ವಬ್ಯಾಂಕ್ ಗುಂಪಿನ ಮಿಗಾ ಸಂಸ್ಥೆ ಇದೆ. ಯುದ್ಧದ ಹಾನಿ, ಸರ್ಕಾರ ಆಸ್ತಿ ಕಿತ್ತುಕೊಳ್ಳೋದು, ಹಣ ಹೊರಗೆ ಹೋಗದಂತೆ ತಡೆಯೋದು, ಸರ್ಕಾರ ಕರಾರು ಮುರಿಯೋದು, ಇವಕ್ಕೆ ರಕ್ಷಣೆ ಕೊಡುತ್ತದೆ. ಗಿರಾಕಿ ಬರಲಿಲ್ಲ ಅನ್ನೋ ನಷ್ಟಕ್ಕೆ ಕೊಡಲ್ಲ. ದುಡ್ಡು ಹಾಕೋಕೆ ಮುಂಚೆಯೇ ಅರ್ಜಿ ಹಾಕಿ.

ಪಾಲುದಾರರ ಹೆಸರು ವಿಶ್ವಸಂಸ್ಥೆಯ ನಿರ್ಬಂಧ ಪಟ್ಟಿಯಲ್ಲಿ ಇದೆಯಾ ನೋಡೋದು ಐದು ನಿಮಿಷದ ಕೆಲಸ, ಮಾಡಿಬಿಡಿ.

ಕೊನೆಗೆ ಗುತ್ತಿಗೆ. ಮೊಜಾಂಬಿಕ್‌ನಲ್ಲಿ 1992ರಲ್ಲಿ ಶಾಂತಿ ಒಪ್ಪಂದ ಆಯಿತು, 2000ದಲ್ಲಿ ಮೊಜಾಲ್ ಅಲ್ಯೂಮಿನಿಯಂ ಕಾರ್ಖಾನೆ ಶುರುವಾಯಿತು. ಅಷ್ಟು ದೊಡ್ಡ ಕಾರ್ಖಾನೆಗೆ ಸಾಮಾನು ಒದಗಿಸುವ ಅನುಭವ ಸ್ಥಳೀಯ ಸಣ್ಣ ಕಂಪನಿಗಳಿಗೆ ಇರಲಿಲ್ಲ, ಆಮೇಲೆ ಅವರಿಗೆ ತರಬೇತಿ ಕೊಟ್ಟು ಗುತ್ತಿಗೆ ಕೊಡುವ ಕಾರ್ಯಕ್ರಮ ನಡೆಸಬೇಕಾಯಿತು. ನೀವು ಇದನ್ನು ಮೊದಲ ದಿನವೇ ಮಾಡಿ. ಕೆಲಸವನ್ನು ಸಣ್ಣ ತುಂಡುಗಳಾಗಿ ಟೆಂಡರ್ ಕರೆಯಿರಿ, ಮುಂಗಡ ಕೊಡಿ, ಬಿಲ್ ತಡ ಮಾಡಬೇಡಿ. ಯುದ್ಧದಲ್ಲಿ ಎಲ್ಲ ಕಳೆದುಕೊಂಡವರು ನಿಮಗೆ ಮೂರು ತಿಂಗಳ ಸಾಲ ಕೊಟ್ಟು ಕೂರೋಕೆ ಆಗಲ್ಲ.