ಒಂದೇ ಪೀರಿಯಡ್‌ನಲ್ಲಿ ಬರ್ಲಿನ್, ಸ್ಟಾಕ್‌ಹೋಮ್, ಬಾಸ್ಟನ್

ಯುರೋಪಿನ ಜಿಮ್ನಾಸ್ಟಿಕ್ಸ್ ಅಮೆರಿಕದ ಶಾಲೆಗಳಿಗೆ ಹೋದ ಕಥೆಯನ್ನು ಬೋರ್ಡಿನ ಮೇಲೆ ಬರೆಸಿದರೆ ಯಾರ ತಲೆಗೂ ಹೋಗುವುದಿಲ್ಲ. ಹಾಸನ, ಚಿಕ್ಕಮಗಳೂರು ಕಡೆಯ ಹೈಸ್ಕೂಲಿನ ಪಿ.ಟಿ. ಮಾಸ್ತರರು 40 ಮಕ್ಕಳಿಗೆ 40 ನಿಮಿಷದಲ್ಲಿ ಮೈದಾನದಲ್ಲೇ ತೋರಿಸಬಹುದು.

ಹಿಂದಿನ ವಾರವೇ ಎಸೆದು ಹಿಡಿಯಲು 20 ಕಾಳುಚೀಲ ಹೊಲಿಸಿಡಿ. ಗಟ್ಟಿ ಕಾಟನ್ ಬಟ್ಟೆಯನ್ನು ಮೊದಲೇ ಒಗೆದು, ಒಂದು ಗೇಣು ಅಗಲ, ಒಂದು ಗೇಣು ಉದ್ದಕ್ಕೆ ಕತ್ತರಿಸಿ, ಅಂಚಿಗೆ ಎರಡೆರಡು ಹೊಲಿಗೆ ಹಾಕಿ. ಹುರುಳಿಯನ್ನು ಮುಕ್ಕಾಲು ಪಾಲು ಮಾತ್ರ ತುಂಬಿ. ಪೂರ್ತಿ ತುಂಬಿದರೆ ಚೀಲ ಕಲ್ಲಿನಂತಾಗಿ ಬೆರಳಿಗೆ ಪೆಟ್ಟು. ಅರ್ಧ ತುಂಬಿದರೆ ಗಾಳಿಯಲ್ಲೇ ಮಡಚಿಕೊಂಡು ಗುರಿ ತಪ್ಪುತ್ತದೆ. ಮಲೆನಾಡಿನ ಮಳೆಗಾಲದಲ್ಲಿ ಹುರುಳಿಗೆ ಬೂಸ್ಟು ಹಿಡಿಯುತ್ತದೆ, ಒಂದು ಬದಿ ಬಿಚ್ಚಿ ಕಾಳು ಒಣಗಿಸಲು ಬರುವಂತಿರಲಿ. ಮರಳು ಬೇಡ, ಹೊಲಿಗೆಯ ಸಂದಿಯಲ್ಲಿ ಸೋರಿ ಕಣ್ಣಿಗೆ ಬೀಳುತ್ತದೆ.

ಮೊದಲ 12 ನಿಮಿಷ ಜರ್ಮನಿ. ಫ್ರೀಡ್ರಿಕ್ ಯಾನ್ 1811ರಲ್ಲಿ ಬರ್ಲಿನ್ನಿನ ಹೊರಗೆ ಬಯಲು ವ್ಯಾಯಾಮಶಾಲೆ ತೆರೆದ. ಅವನ ಶಿಷ್ಯ ಚಾರ್ಲ್ಸ್ ಬೆಕ್ 1825ರಲ್ಲಿ ಅಮೆರಿಕದ ಮ್ಯಾಸಚೂಸೆಟ್ಸ್‌ನ ರೌಂಡ್ ಹಿಲ್ ಶಾಲೆಗೆ ಅದನ್ನು ಒಯ್ದ. ಎಂಟೆಂಟು ಮಕ್ಕಳ ಐದು ಗುಂಪು, ಗುಂಪಿಗೊಬ್ಬ ಮುಂದಾಳು. ಪ್ಯಾರಲಲ್ ಬಾರ್ (ಅಕ್ಕಪಕ್ಕದ ಎರಡು ಅಡ್ಡ ಸರಳು) ಇದ್ದರೆ ಬೋಲ್ಟು ಅಲುಗಾಡಿಸಿ ನೋಡಿ ಏರಿಸಿ. ಇಲ್ಲದಿದ್ದರೆ ಒಬ್ಬ ಬಗ್ಗಿ ನಿಂತು, ಇನ್ನೊಬ್ಬ ಮೇಲಿಂದ ಹಾರುವ ಆಟವೇ ಸಾಕು. ಬಗ್ಗಿದವನ ಗದ್ದ ಎದೆಗೆ ತಾಗಿರಬೇಕು, ಹಾರುವವನ ಕೈ ಬೆನ್ನ ಮೇಲೆ ಬೀಳಬೇಕು, ಕುತ್ತಿಗೆ ಮೇಲಲ್ಲ.

ಮುಂದಿನ 13 ನಿಮಿಷ ಸ್ವೀಡನ್. ಇದಕ್ಕೆ ಸಾಮಾನೇ ಬೇಡ. ಪೆರ್ ಹೆನ್ರಿಕ್ ಲಿಂಗ್ 1813ರಲ್ಲಿ ಸ್ಟಾಕ್‌ಹೋಮ್‌ನಲ್ಲಿ ಜಿಮ್ನಾಸ್ಟಿಕ್ಸ್‌ನ ಕೇಂದ್ರ ಸಂಸ್ಥೆ ಸ್ಥಾಪಿಸಿದ. ಈ ಪದ್ಧತಿಯ ಶಿಕ್ಷಕಿಯರನ್ನು ತಯಾರು ಮಾಡಲು ಬಾಸ್ಟನ್‌ನಲ್ಲಿ 1889ರಲ್ಲಿ ಕಾಲೇಜೇ ತೆರೆಯಿತು. ‘ಸಾವಧಾನ್’ ಅಂದು ನಿಲ್ಲಿಸಿ, ತೋಳು, ಕಾಲು, ಸೊಂಟ, ನೆಗೆತ, ಕೊನೆಗೆ ಉಸಿರಾಟ ಎಂದು ಹಗುರದಿಂದ ಬಿರುಸಿಗೆ ಏರಿಸಿ, ಇಳಿಸಿ. ಹಾಡು, ತಮಟೆ ಹಾಕಬೇಡಿ. ಮಾಸ್ತರರು ಸಾಮಾನ್ಯವಾಗಿ ತಪ್ಪುವುದು ಇಲ್ಲೇ: ಆಜ್ಞೆಯನ್ನು ಒಂದೇ ಉಸಿರಿನಲ್ಲಿ ಹೇಳಿಬಿಡುತ್ತಾರೆ. ‘ಕೈ ಮೇಲೆ…’ ಅಂದು ಒಂದು ಕ್ಷಣ ಬಿಟ್ಟು ‘ಎತ್ತು!’ ಅನ್ನಿ. ಆ ಬಿಡುವಿಲ್ಲದಿದ್ದರೆ ಹಿಂದಿನ ಸಾಲು ಅರ್ಧ ಸೆಕೆಂಡು ತಡವಾಗಿ ಏಳುತ್ತದೆ.

ಕೊನೆಯ 15 ನಿಮಿಷ ಕಾಳುಚೀಲಕ್ಕೆ. 1860ರ ದಶಕದಲ್ಲಿ ಬಾಸ್ಟನ್ನಿನ ಡಯೋ ಲೂಯಿಸ್ ಭಾರದ ಸಾಮಾನು ಬಿಟ್ಟು ಕಾಳುಚೀಲ, ಮರದ ಡಂಬೆಲ್, ಕೋಲುಗಳನ್ನು ಸಂಗೀತದ ಜೊತೆ ಹೆಂಗಸರಿಗೂ ಮಕ್ಕಳಿಗೂ ಕೊಟ್ಟ. ತಮಟೆ ಈಗ ತರಿಸಿ. ಜೋಡಿಗಳನ್ನು ಮೂರು ಹೆಜ್ಜೆ ದೂರ ನಿಲ್ಲಿಸಿ, ಎದೆಯ ಮಟ್ಟಕ್ಕೆ ಎಸೆಸಿ. ಹತ್ತು ಸಲ ಬೀಳಿಸದ ಜೋಡಿ ಒಂದು ಹೆಜ್ಜೆ ಹಿಂದೆ ಸರಿಯಲಿ.