ಪ್ರಶ್ನೆ ಕೇಳಿದ ಮೇಲೆ ಸುಮ್ಮನಿರಿ

ಹೊಸದಾಗಿ ಸೇರಿದ ಅಕ್ಕೋರು, ಮಾಸ್ತರು ನನ್ನ ಹತ್ತಿರ ಹೇಳಿಕೊಳ್ಳುವುದು ಒಂದೇ. ಮಕ್ಕಳು ಬಾಯೇ ಬಿಡುವುದಿಲ್ಲ. ಪ್ರಶ್ನೆ ಕೇಳಿದ ಮೇಲೆ ನೀವು ಎಷ್ಟು ಹೊತ್ತು ಕಾಯುತ್ತೀರಿ ಅಂತ ಮೊದಲು ನೋಡಿಕೊಳ್ಳಿ. ಅಮೆರಿಕದ ಶಿಕ್ಷಣ ಸಂಶೋಧಕಿ ಮೇರಿ ಬಡ್ ರೋ 1970ರ ದಶಕದಲ್ಲಿ ಇದನ್ನು ಅಳೆದು ಬರೆದರು. ಶಿಕ್ಷಕರು ಸುಮಾರು 1 ಸೆಕೆಂಡ್ ಮಾತ್ರ ಕಾಯುತ್ತಿದ್ದರು. 3 ಸೆಕೆಂಡ್ ಕಾದಾಗ ಉತ್ತರಗಳು ಉದ್ದವಾದವು, ಮಾತಾಡುವ ಮಕ್ಕಳೂ ಜಾಸ್ತಿಯಾದರು.

ನಮ್ಮ ಕಾರವಾರದಲ್ಲಿ ಇನ್ನೂ ಸ್ವಲ್ಪ ಜಾಸ್ತಿಯೇ ಕಾಯಬೇಕು. ಎಷ್ಟೋ ಮಕ್ಕಳ ಮನೆಮಾತು ಕೊಂಕಣಿ, ಅಲ್ವಾ? ಉತ್ತರ ಕೊಂಕಣಿಯಲ್ಲಿ ಬಂದರೂ ತಗೊಳ್ಳಿ. ಮೊದಲು ವಿಷಯ ಹೊರಗೆ ಬರಲಿ.

ಭರತಿ-ಇಳಿತದ ಪಾಠವನ್ನೇ ನೋಡಿ. ಪುಸ್ತಕ ತೆರೆಸಬೇಡಿ. "ನಿನ್ನೆ ಕಾಳಿ ಹೊಳೆಯಲ್ಲಿ ನೀರು ಏರಿದ ಹೊತ್ತಿಗೇ ಇವತ್ತೂ ಏರುತ್ತದಾ?" ಅಂತ ಕೇಳಿ ನಿಂತುಬಿಡಿ. ಮನಸ್ಸಿನಲ್ಲೇ ಐದರ ತನಕ ಎಣಿಸಿ. ಮೊದಲ ಬೆಂಚಿನ ಕೈಗಳು ತಕ್ಷಣ ಏಳುತ್ತವೆ. ಅವರನ್ನು ಆಗಲೇ ಎಬ್ಬಿಸಬೇಡಿ. ಹಿಂದೆ ಕೂತ, ಮೀನುಗಾರರ ಮನೆಯ ಹುಡುಗನೊಬ್ಬ ನಿಧಾನಕ್ಕೆ ಹೇಳುತ್ತಾನೆ: "ಇಲ್ಲ ಅಕ್ಕೋರೇ, ಇವತ್ತು ತಡ ಆಗ್ತದೆ."

ಇಲ್ಲೇ "ಶಾಭಾಷ್" ಅಂದುಬಿಟ್ಟರೆ ಉಳಿದವರ ಯೋಚನೆ ನಿಂತುಹೋಗುತ್ತದೆ. "ನಿನಗೆ ಹೇಗೆ ಗೊತ್ತು?" ಅಂತ ಕೇಳಿ ಮತ್ತೆ ಕಾಯಿರಿ. ಅಪ್ಪ ದೋಣಿ ಇಳಿಸುವ ಹೊತ್ತು ದಿನಾ ಮುಂದೆ ಹೋಗುತ್ತದೆ ಅನ್ನುತ್ತಾನೆ. ಇನ್ನೊಬ್ಬಳು "ಒಂದು ತಾಸು ತಡ" ಅನ್ನುತ್ತಾಳೆ. ಯಾರೋ ಗಾಳಿಯಿಂದ ಭರತಿ ಬರುತ್ತದೆ ಅಂದರೆ, ತಪ್ಪು ಅನ್ನಬೇಡಿ. "ಗಾಳಿ ಇಲ್ಲದ ದಿನ ಭರತಿ ಬರೋದಿಲ್ವಾ?" ಅಂತ ಕೇಳಿ. ಇಷ್ಟೆಲ್ಲ ಆದ ಮೇಲೆಯೇ ಬೋರ್ಡಿನ ಹತ್ತಿರ ಹೋಗಿ. ಭರತಿ ಬರುವುದು ಮುಖ್ಯವಾಗಿ ಚಂದ್ರನ ಸೆಳೆತದಿಂದ. ಭೂಮಿ ಒಂದು ಸುತ್ತು ತಿರುಗುವಷ್ಟರಲ್ಲಿ ಚಂದ್ರನೂ ಅದೇ ದಿಕ್ಕಿಗೆ ಸ್ವಲ್ಪ ಮುಂದೆ ಸರಿದಿರುತ್ತಾನೆ. ಅವನ ಎದುರಿಗೆ ಮತ್ತೆ ಬರಲು ನಮಗೆ ಸುಮಾರು 50 ನಿಮಿಷ ಹೆಚ್ಚು ಬೇಕು. ಚಿತ್ರ ಬಿಡಿಸಿ ತೋರಿಸಿ. ಒಂದು ತಾಸು ಅಂದ ಹುಡುಗಿಯ ಮುಖ ಆಗ ನೋಡಬೇಕು! ಇದಕ್ಕಾಗಿಯೇ ನಾನು ಈ ಕೆಲಸದಲ್ಲಿರುವುದು.

ಪಾಠ ಮುಗಿಯುವುದಿಲ್ಲ ಅಂತ ಹೆದರಬೇಡಿ. ಒಂದು ಪೀರಿಯಡ್‌ಗೆ ಇಂಥ ಒಂದೋ ಎರಡೋ ಪ್ರಶ್ನೆ ಸಾಕು. ಅವನ್ನು ಹಿಂದಿನ ರಾತ್ರಿಯೇ ಬರೆದಿಟ್ಟುಕೊಳ್ಳಿ, ನಿಂತ ನಿಲುವಿನಲ್ಲಿ ಒಳ್ಳೆಯ ಪ್ರಶ್ನೆ ಹೊಳೆಯುವುದು ಕಷ್ಟ. ವಾರವಿಡೀ ಬಾಯಿ ಬಿಡದ ಮಕ್ಕಳ ಹೆಸರನ್ನೂ ಅದೇ ಪುಟದಲ್ಲಿ ಗುರುತು ಹಾಕಿಕೊಳ್ಳಿ.

ಕೊನೆಗೆ "ಅರ್ಥ ಆಯ್ತಾ?" ಅಂತ ಮಾತ್ರ ಕೇಳಬೇಡಿ. ಎಲ್ಲರೂ ಒಂದೇ ರಾಗದಲ್ಲಿ ಹೌದು ಅನ್ನುತ್ತಾರೆ. ಇವತ್ತು ಒಂಬತ್ತಕ್ಕೆ ಭರತಿ ಬಂದರೆ ನಾಡಿದ್ದು ಎಷ್ಟು ಹೊತ್ತಿಗೆ ಅಂತ ಕೇಳಿ.