ಚಿಕ್ಕಮಗಳೂರಿನಲ್ಲಿ ಕಾಫಿ ಪುಡಿ ಅಂಗಡಿ ತೆರೆಯುವವರು ನಗರಸಭೆಯಲ್ಲಿ ಮಾಡಿಸಬೇಕಾದ ಕೆಲಸಗಳು

ಎರಡು ಮೂರು ಎಕರೆ ತೋಟವಿದ್ದು, ಬೀಜವನ್ನು ಇದ್ದ ಹಾಗೆಯೇ ವ್ಯಾಪಾರಿಗೆ ಹಾಕುವ ಬದಲು ತಾವೇ ಹುರಿದು ಪುಡಿ ಮಾಡಿ ಮಾರೋಣ ಎಂದು ಯೋಚಿಸುವ ಕುಟುಂಬಗಳು ನಮ್ಮ ಜಿಲ್ಲೆಯಲ್ಲಿ ಹೆಚ್ಚುತ್ತಿರುವುದು ಸಂತೋಷದ ವಿಷಯ. ಆದರೆ ಇವರಲ್ಲಿ ಬಹಳ ಮಂದಿ ಮೊದಲು ಹುರಿಯುವ ಯಂತ್ರ ತರುತ್ತಾರೆ, ಆಮೇಲೆ ಮಳಿಗೆಗೆ ಮುಂಗಡ ಕೊಡುತ್ತಾರೆ, ಬೋರ್ಡು ಬರೆಸುತ್ತಾರೆ, ಪೂಜೆಯ ದಿನ ಗೊತ್ತುಮಾಡಿಕೊಂಡ ಮೇಲೆ ಅಂಗಡಿ ನಡೆಸಲು ನಗರಸಭೆ ಕೊಡುವ ಉದ್ದಿಮೆ ಪರವಾನಗಿಯ (ಟ್ರೇಡ್ ಲೈಸೆನ್ಸ್) ನೆನಪು ಮಾಡಿಕೊಳ್ಳುತ್ತಾರೆ. ಈ ಕ್ರಮವನ್ನು ಪೂರ್ತಿಯಾಗಿ ತಿರುಗಿಸಬೇಕು. ನೆರೆಹೊರೆಯ ಹಲವರಿಗೆ ಅರ್ಜಿ ಬರೆದುಕೊಟ್ಟು, ಅವರ ಜೊತೆ ಕಚೇರಿಗೆ ಓಡಾಡಿದ ಅನುಭವದಿಂದ ಹೇಳುವುದಾದರೆ, ಅರ್ಜಿ ನಿಲ್ಲುವುದು ಹೆಚ್ಚಾಗಿ ಪರವಾನಗಿಯ ವಿಭಾಗದಲ್ಲಲ್ಲ, ಅಂಗಡಿ ಇರುವ ಕಟ್ಟಡದ ಕಾಗದಗಳಲ್ಲಿ.

ಎಲ್ಲಕ್ಕಿಂತ ಮೊದಲು, ನೀವು ನೋಡಿರುವ ಮಳಿಗೆ ಯಾರ ವ್ಯಾಪ್ತಿಯಲ್ಲಿದೆ ಎಂಬುದನ್ನು ಖಚಿತಪಡಿಸಿಕೊಳ್ಳಿ. ಚಿಕ್ಕಮಗಳೂರು ನಗರಸಭೆ 35 ವಾರ್ಡುಗಳದ್ದು. ಐ.ಜಿ. ರಸ್ತೆ, ಎಂ.ಜಿ. ರಸ್ತೆ, ಮಾರ್ಕೆಟ್ ರಸ್ತೆ, ಬಸವನಹಳ್ಳಿಯಂಥ ಕಡೆ ಅನುಮಾನವಿಲ್ಲ. ಆದರೆ ಊರು ಬೆಳೆದು ಸುತ್ತಲಿನ ಹಳ್ಳಿಗಳ ಜೊತೆ ಸೇರಿಕೊಂಡಿರುವ ಅಂಚಿನ ಬಡಾವಣೆಗಳಲ್ಲಿ ರಸ್ತೆಯ ಒಂದು ಬದಿ ನಗರಸಭೆಗೂ ಇನ್ನೊಂದು ಬದಿ ಗ್ರಾಮ ಪಂಚಾಯಿತಿಗೂ ಸೇರಿರಬಹುದು. ನಗರಸಭೆಗೆ ಅನ್ವಯಿಸುವುದು 1964ರ ಕರ್ನಾಟಕ ಪುರಸಭೆಗಳ ಅಧಿನಿಯಮ, ಪಂಚಾಯಿತಿಗೆ 1993ರ ಗ್ರಾಮ ಸ್ವರಾಜ್ ಮತ್ತು ಪಂಚಾಯತ್ ರಾಜ್ ಅಧಿನಿಯಮ. ಅರ್ಜಿ, ಶುಲ್ಕ, ಸಹಿ ಮಾಡುವ ಅಧಿಕಾರಿ ಎಲ್ಲವೂ ಬೇರೆ ಬೇರೆ. ಮಾಲೀಕರು ಕಳೆದ ವರ್ಷ ಆಸ್ತಿ ತೆರಿಗೆ ಕಟ್ಟಿದ ರಸೀದಿಯ ತಲೆಯ ಮೇಲೆ ಯಾವ ಸಂಸ್ಥೆಯ ಹೆಸರಿದೆ ಎಂದು ನೋಡಿದರೆ ಒಂದು ನಿಮಿಷದಲ್ಲಿ ಉತ್ತರ ಸಿಗುತ್ತದೆ. ಕೊಪ್ಪ, ಶೃಂಗೇರಿಗಳಂಥ ಪಟ್ಟಣ ಪಂಚಾಯಿತಿಗಳಿಗೂ ತರೀಕೆರೆಯಂಥ ಪುರಸಭೆಗೂ ಇದೇ 1964ರ ಅಧಿನಿಯಮ ಅನ್ವಯಿಸುವುದರಿಂದ, ನಗರಸಭೆ ಕಚೇರಿಯ ಮುಖ್ಯಸ್ಥರಾದ ಪೌರಾಯುಕ್ತರ ಜಾಗದಲ್ಲಿ ಮುಖ್ಯಾಧಿಕಾರಿ ಎಂದು ಓದಿಕೊಂಡರೆ ಮುಂದಿನ ಬಹುಪಾಲು ಮಾತುಗಳು ಅಲ್ಲಿಯವರಿಗೂ ಉಪಯೋಗಕ್ಕೆ ಬರುತ್ತವೆ.

ಎರಡನೆಯದಾಗಿ, ಚುನಾಯಿತ ಸದಸ್ಯರ ಸಭೆ ಬೇರೆ, ಕಚೇರಿ ಬೇರೆ ಎಂಬುದನ್ನು ತಿಳಿದಿರಬೇಕು. ಪರವಾನಗಿಗಾಗಿ ವಾರ್ಡಿನ ಸದಸ್ಯರ ಮನೆಗೆ ನಾಲ್ಕು ಸಲ ಹೋಗಿ ಬಂದು, ಅರ್ಜಿಯನ್ನೇ ಕೊಡದೆ ಎರಡು ತಿಂಗಳು ಕಳೆದವರನ್ನು ನಾನು ಕಂಡಿದ್ದೇನೆ. ಒಬ್ಬ ವ್ಯಾಪಾರಿಯ ಅರ್ಜಿ ಕೌನ್ಸಿಲ್ ಸಭೆಯ ಮುಂದೆ ಹೋಗಬೇಕಾಗಿಲ್ಲ. ಆರೋಗ್ಯ ಶಾಖೆಯಲ್ಲಿ ಪರಿಶೀಲನೆಯಾಗಿ, ಪೌರಾಯುಕ್ತರ ಸಹಿಯಿಂದ ಅದು ಮುಗಿಯುವ ಕೆಲಸ. ಅಧ್ಯಕ್ಷರ ಅಧ್ಯಕ್ಷತೆಯಲ್ಲಿ ನಡೆಯುವ ಮಾಸಿಕ ಸಾಮಾನ್ಯ ಸಭೆಯ ಸೂಚನಾ ಪತ್ರವನ್ನು ಒಮ್ಮೆ ಓದಿದರೆ ಈ ವ್ಯತ್ಯಾಸ ತಾನಾಗಿಯೇ ಸ್ಪಷ್ಟವಾಗುತ್ತದೆ. ಹಿಂದಿನ ಸಭೆಯ ನಡವಳಿಗಳನ್ನು ಓದಿ ದೃಢೀಕರಿಸುವುದು, ಜಮಾ-ಖರ್ಚಿನ ಲೆಕ್ಕವನ್ನು ಮಂಡಿಸುವುದು, ಕಾಮಗಾರಿಗಳ ಟೆಂಡರು ದರಗಳಿಗೆ ಒಪ್ಪಿಗೆ, ಸಂತೆ ಸುಂಕ ಮತ್ತು ವಾಹನ ನಿಲುಗಡೆ ಶುಲ್ಕ ವಸೂಲಿಯ ಹರಾಜು, ನಗರಸಭೆಯ ಒಡೆತನದ ಮಳಿಗೆಗಳ ಹಂಚಿಕೆ, ಕುಡಿಯುವ ನೀರು ಮತ್ತು ಬೀದಿ ದೀಪದ ನಿರ್ವಹಣೆ, ಕೊನೆಗೆ ಅಧ್ಯಕ್ಷರ ಅಪ್ಪಣೆಯ ಮೇರೆಗೆ ಬರುವ ಇತರೆ ವಿಷಯಗಳು: ಸಭೆಯ ಕೆಲಸ ಈ ಬಗೆಯದು.

ಹಾಗೆಂದು ಸಭೆಗೂ ನಿಮಗೂ ಸಂಬಂಧವಿಲ್ಲ ಎಂದು ಭಾವಿಸಬಾರದು. ನಗರಸಭೆಯ ಮಳಿಗೆಯನ್ನೇ ಬಾಡಿಗೆಗೆ ಹಿಡಿಯುವುದಾದರೆ ಹರಾಜಿನ ಷರತ್ತು ಮತ್ತು ಬಾಡಿಗೆ ಏರಿಕೆಯ ಪ್ರಶ್ನೆಗಳು ಸಭೆಯಲ್ಲೇ ಚರ್ಚೆಯಾಗುತ್ತವೆ. ನಿಮ್ಮ ಬೀದಿಯನ್ನು ಬೀದಿ ವ್ಯಾಪಾರದ ವಲಯವೆಂದು ಗುರುತಿಸುವ ವಿಚಾರ ಬಂದಾಗ, 2014ರ ಬೀದಿ ವ್ಯಾಪಾರಿಗಳ ಕಾಯ್ದೆಯಂತೆ ರಚನೆಯಾಗುವ ಪಟ್ಟಣ ವ್ಯಾಪಾರ ಸಮಿತಿಯ ಅಭಿಪ್ರಾಯವೂ ಬೇಕಾಗುತ್ತದೆ. ಆ ಸಮಿತಿಯಲ್ಲಿ ಶೇ. 40ಕ್ಕೆ ಕಡಿಮೆಯಿಲ್ಲದಷ್ಟು ಮಂದಿ ಬೀದಿ ವ್ಯಾಪಾರಿಗಳ ಪ್ರತಿನಿಧಿಗಳೇ ಇರಬೇಕು. ತಳ್ಳುಗಾಡಿಯಲ್ಲಿ ಕಾಫಿ ಮಾರಲು ಹೊರಟವರು ಅಂಗಡಿಯ ಪರವಾನಗಿಯ ಹಾದಿಯನ್ನು ಬಿಟ್ಟು ಈ ಕಾಯ್ದೆಯಡಿ ವ್ಯಾಪಾರ ಪ್ರಮಾಣಪತ್ರವನ್ನು ಕೇಳಬೇಕು. ಇನ್ನು ಚುನಾಯಿತ ಮಂಡಳಿಯ ಅವಧಿ ಮುಗಿದು ಹೊಸ ಚುನಾವಣೆ ಆಗದಿರುವಾಗ ಸರ್ಕಾರ ನೇಮಿಸಿದ ಆಡಳಿತಾಧಿಕಾರಿ ಸಭೆಯ ಅಧಿಕಾರವನ್ನು ಚಲಾಯಿಸುತ್ತಾರೆ. ಅಂಥ ಕಾಲದಲ್ಲಿ ‘ಸದಸ್ಯರೇ ಇಲ್ಲ, ಈಗ ಪರವಾನಗಿ ಕೊಡುವುದಿಲ್ಲ’ ಎಂದು ಯಾರಾದರೂ ಹೇಳಿದರೆ ನಂಬಬೇಡಿ. ಕಚೇರಿಯ ದಿನದ ಕೆಲಸ ಯಾವ ಕಾರಣಕ್ಕೂ ನಿಲ್ಲುವುದಿಲ್ಲ.

ಈಗ ಕಟ್ಟಡದ ಕಾಗದಗಳಿಗೆ ಬರೋಣ. ಇದಕ್ಕೆ ಹೆಚ್ಚು ಸಮಯ ಕೊಡಿ ಎಂದು ನಾನು ಒತ್ತಿ ಹೇಳುತ್ತೇನೆ. ಮಳಿಗೆಗೆ ಮುಂಗಡ ಕೊಡುವ ಮೊದಲೇ ಮಾಲೀಕರಿಂದ ಮೂರು ಕಾಗದಗಳ ಜೆರಾಕ್ಸ್ ಕೇಳಿ: ನಗರಸಭೆಯ ಆಸ್ತಿ ದಾಖಲೆಗಳಿರುವ ಇ-ಆಸ್ತಿ ತಂತ್ರಾಂಶದಿಂದ ಬಂದ ನಮೂನೆ-3ರ ಖಾತಾ ಪ್ರತಿ, ಚಾಲ್ತಿ ಸಾಲಿನ ಆಸ್ತಿ ತೆರಿಗೆಯ ರಸೀದಿ, ನೀರಿನ ಕಂದಾಯದ ರಸೀದಿ. ಖಾತೆಯಲ್ಲಿರುವ ಹೆಸರು ಮತ್ತು ನಿಮಗೆ ಬಾಡಿಗೆ ಕರಾರು ಬರೆದುಕೊಡುವವರ ಹೆಸರು ಒಂದೇ ಆಗಿದೆಯೇ ಎಂದು ನೋಡಿ. ಉಪ್ಪಳ್ಳಿ ಕಡೆಯ ಒಬ್ಬ ಹೆಣ್ಣುಮಗಳು ಮನೆಯ ಮುಂಭಾಗದ ಕೋಣೆಯಲ್ಲೇ ಪುಡಿ ಮಾರುವ ಅಂಗಡಿ ಇಡಲು ಹೊರಟಾಗ, ಖಾತೆ ಇನ್ನೂ ತೀರಿಕೊಂಡ ಮಾವನವರ ಹೆಸರಿನಲ್ಲೇ ಇತ್ತು. ಮರಣ ಪ್ರಮಾಣಪತ್ರ, ವಂಶವೃಕ್ಷ, ಉಳಿದ ವಾರಸುದಾರರ ಒಪ್ಪಿಗೆ ಇವೆಲ್ಲವನ್ನೂ ಜೋಡಿಸಿ ಖಾತೆ ಬದಲಾವಣೆ ಮಾಡಿಸಿಕೊಳ್ಳುವವರೆಗೆ ಅವರ ಅರ್ಜಿ ಒಂದು ಹೆಜ್ಜೆಯೂ ಮುಂದೆ ಹೋಗಲಿಲ್ಲ. ಯಂತ್ರಕ್ಕೆ ತೆಗೆದ ಸಾಲದ ಕಂತು ಮಾತ್ರ ಪ್ರತಿ ತಿಂಗಳೂ ಬಂದೇ ಬರುತ್ತಿತ್ತು. ಅವರ ಆ ತಿಂಗಳುಗಳ ಕಷ್ಟವನ್ನು ಕಣ್ಣಾರೆ ನೋಡಿದ ಮೇಲೆ, ಈ ವಿಷಯವನ್ನು ಎಲ್ಲರಿಗೂ ಮೊದಲೇ ಹೇಳಬೇಕೆಂದು ನನಗೆ ಅನಿಸಿತು.

ಮನೆಯೆಂದು ದಾಖಲಾಗಿರುವ ಕಟ್ಟಡದಲ್ಲಿ ಅಂಗಡಿ ತೆರೆಯುವವರು ಇನ್ನೊಂದು ವಿಷಯ ಗಮನಿಸಬೇಕು. ಆಸ್ತಿ ತೆರಿಗೆಯ ಸ್ವಯಂ ಘೋಷಣೆಯಲ್ಲಿ ಆ ಭಾಗವನ್ನು ವಾಣಿಜ್ಯ ಬಳಕೆ ಎಂದು ತೋರಿಸಿ, ಅದರ ದರದಂತೆಯೇ ತೆರಿಗೆ ಕಟ್ಟಬೇಕಾಗುತ್ತದೆ. ಸ್ವಲ್ಪ ಹಣ ಉಳಿಯಲೆಂದು ವಾಸದ ಮನೆ ಎಂದೇ ಬಿಟ್ಟರೆ, ಪರಿಶೀಲನೆಗೆ ಬಂದಾಗ ವ್ಯತ್ಯಾಸದ ಮೊತ್ತದ ಜೊತೆಗೆ ದಂಡವನ್ನೂ ತೆರಬೇಕಾದೀತು. ತೆರಿಗೆಯನ್ನು ಏಪ್ರಿಲ್ ತಿಂಗಳಲ್ಲಿ ಕಟ್ಟಿದರೆ ಶೇ. 5ರಷ್ಟು ರಿಯಾಯಿತಿ ಇದೆ. ಜೂನ್ ದಾಟಿದರೆ ತಿಂಗಳಿಗೆ ಶೇ. 2ರಂತೆ ದಂಡ ಬೆಳೆಯುತ್ತದೆ. ಬಾಡಿಗೆ ಕರಾರಿನಲ್ಲಿ ಈ ತೆರಿಗೆಯನ್ನು ಯಾರು ಕಟ್ಟಬೇಕು ಎಂಬುದನ್ನು ಒಂದು ಸಾಲಿನಲ್ಲಿ ಬರೆಸಿಕೊಳ್ಳಿ. ಅದೇ ಕರಾರಿನಲ್ಲಿ ‘ಕಾಫಿ ಬೀಜ ಹುರಿದು ಪುಡಿ ಮಾಡಿ ಮಾರುವ ಉದ್ದಿಮೆಗಾಗಿ’ ಎಂಬ ಮಾತು ಇರಲಿ. ಬರೀ ‘ಅಂಗಡಿಗಾಗಿ’ ಎಂದು ಬರೆದಿದ್ದರೆ, ಯಂತ್ರ ಕೂರಿಸುವ ದಿನ ಮಾಲೀಕರು ತಕರಾರು ತೆಗೆಯಲು ದಾರಿಯಾಗುತ್ತದೆ.

ಕಾಗದಗಳು ಸರಿಯಿದ್ದರೆ ಅರ್ಜಿ ಹಾಕುವುದು ಕಷ್ಟದ ಕೆಲಸವಲ್ಲ. ಪೌರಾಡಳಿತ ನಿರ್ದೇಶನಾಲಯದ ಆನ್‌ಲೈನ್ ವ್ಯವಸ್ಥೆಯಲ್ಲಿ ಸ್ವತಃ ಹಾಕಬಹುದು; ಅದು ಆಗದವರು ಕಚೇರಿಯ ಕೌಂಟರಿನಲ್ಲಿ ವಿಚಾರಿಸಬಹುದು. ಅರ್ಜಿದಾರರ ಗುರುತಿನ ಚೀಟಿ ಮತ್ತು ಭಾವಚಿತ್ರ, ಬಾಡಿಗೆ ಕರಾರು, ಖಾತಾ ಪ್ರತಿ, ತೆರಿಗೆ ರಸೀದಿ ಇವು ಸಾಮಾನ್ಯವಾಗಿ ಬೇಕಾಗುವಂಥವು. ಉದ್ದಿಮೆಯ ಸ್ವರೂಪವನ್ನು ಕೇಳುವ ಅಂಕಣದಲ್ಲಿ ಮಾತ್ರ ಎಚ್ಚರವಿರಲಿ. ಸಿದ್ಧ ಪುಡಿಯನ್ನು ತಂದು ಮಾರುವುದು, ಹುರಿದ ಬೀಜವನ್ನು ಗಿರಾಕಿಯ ಎದುರು ಪುಡಿ ಮಾಡಿಕೊಡುವುದು, ಹಸಿ ಬೀಜವನ್ನು ಅಲ್ಲೇ ಹುರಿಯುವುದು ಈ ಮೂರೂ ಒಂದೇ ಅಲ್ಲ. ಮೋಟಾರಿನ ಸಾಮರ್ಥ್ಯ ಎಷ್ಟು ಎಚ್‌.ಪಿ., ಹುರಿಯುವುದಕ್ಕೆ ಬಳಸುವುದು ಗ್ಯಾಸೋ ವಿದ್ಯುತ್ತೋ ಎಂಬುದನ್ನು ಇದ್ದದ್ದು ಇದ್ದಂತೆ ಬರೆಯಿರಿ. ಮೆಸ್ಕಾಂನಿಂದ ಪಡೆದ ಸಂಪರ್ಕದ ಸಾಮರ್ಥ್ಯವೂ ಅರ್ಜಿಯಲ್ಲಿ ಬರೆದದ್ದೂ ಒಂದಕ್ಕೊಂದು ಹೊಂದಬೇಕು. ಶುಲ್ಕ ಕಡಿಮೆಯಾಗಲೆಂದು ಯಂತ್ರವನ್ನು ಮುಚ್ಚಿಟ್ಟು ಪಡೆದ ಪರವಾನಗಿ, ಮುಂದೆ ಬೆಂಕಿ ಅನಾಹುತವಾದಾಗ ವಿಮೆಯವರ ಮುಂದಾಗಲಿ, ದೂರು ಬಂದಾಗ ಅಧಿಕಾರಿಗಳ ಮುಂದಾಗಲಿ ನಿಮ್ಮ ಕೈ ಹಿಡಿಯುವುದಿಲ್ಲ.

ಅರ್ಜಿ ಕೊಟ್ಟ ಕೂಡಲೇ ಸಕಾಲದ ಸ್ವೀಕೃತಿಯನ್ನು ಕೇಳಿ ಪಡೆಯಿರಿ. ಸರ್ಕಾರಿ ಸೇವೆಗಳನ್ನು ಗೊತ್ತಾದ ಅವಧಿಯೊಳಗೆ ಕೊಡಬೇಕೆನ್ನುವ 2011ರ ಸಕಾಲ ಕಾಯ್ದೆ 2012ರ ಏಪ್ರಿಲ್‌ನಿಂದ ಜಾರಿಯಲ್ಲಿದ್ದು, ಅದರಡಿ ಕೊಡುವ ಸ್ವೀಕೃತಿಯಲ್ಲಿ ಅರ್ಜಿಯನ್ನು ಗುರುತಿಸುವ 15 ಅಂಕೆಗಳ ಜಿಎಸ್‌ಸಿ ಸಂಖ್ಯೆಯೂ ಕೆಲಸ ಮುಗಿಯಬೇಕಾದ ಕೊನೆಯ ದಿನಾಂಕವೂ ಇರುತ್ತವೆ. ಈ ಸಂಖ್ಯೆ ಇಲ್ಲದೆ ‘ಕೊಟ್ಟು ಹೋಗಿ, ನೋಡೋಣ’ ಎಂಬ ಮಾತಿನ ಮೇಲೆ ಅರ್ಜಿಯನ್ನು ಮೇಜಿನ ಮೇಲಿಟ್ಟು ಬರಬೇಡಿ. ಅದು ಯಾವ ಲೆಕ್ಕಕ್ಕೂ ಸೇರದ ಅರ್ಜಿಯಾಗುತ್ತದೆ.

ಮುಂದಿನದು ಸ್ಥಳ ಪರಿಶೀಲನೆ. ಆರೋಗ್ಯ ನಿರೀಕ್ಷಕರು ಬರುವ ದಿನ ಅಂಗಡಿಯಲ್ಲಿ ನೀವೇ ಇರಿ. ಕಾಫಿ ಹುರಿಯುವ ಜಾಗದಲ್ಲಿ ಮುಖ್ಯವಾದದ್ದು ಹೊಗೆ. ಬೇಸಿಗೆಯಲ್ಲಿ ಮೇಲೆದ್ದು ಹೋಗುವ ಹೊಗೆ ನಮ್ಮೂರಿನ ಜುಲೈ, ಆಗಸ್ಟ್ ತಿಂಗಳ ಮಳೆಯಲ್ಲಿ ಗಲ್ಲಿಯಲ್ಲೇ ತಂಗಿ, ಪಕ್ಕದ ಮನೆಯವರು ಒಳಗೆ ಹರವಿದ ಬಟ್ಟೆಗೂ ಹತ್ತುತ್ತದೆ. ಆದ್ದರಿಂದ ಹೊಗೆ ಕೊಳವೆಯನ್ನು ಪಕ್ಕದ ಮನೆಗಳ ಸೂರಿಗಿಂತ ಎತ್ತರಕ್ಕೆ ಒಯ್ಯುವುದನ್ನು ಖರ್ಚು ಎಂದು ಎಣಿಸಬೇಡಿ. ಹುರಿಯುವಾಗ ಉದುರುವ ತೆಳು ಸಿಪ್ಪೆ ಬಹಳ ಬೇಗ ಬೆಂಕಿ ಹಿಡಿಯುತ್ತದೆ. ಅದನ್ನು ಪ್ರತಿದಿನ ತೆಗೆದು ಮುಚ್ಚಳವಿರುವ ಡಬ್ಬಿಗೆ ಹಾಕಿ, ಅಗ್ನಿನಂದಕವನ್ನು ಕೈಗೆ ಸಿಗುವಂತೆ ತೂಗುಹಾಕಿ. ಹಸಿ ಕಸ, ಒಣ ಕಸಕ್ಕೆ ಬೇರೆ ಬೇರೆ ಡಬ್ಬಿಗಳಿರಬೇಕು. ಪ್ಲಾಸ್ಟಿಕ್ ಕೈಚೀಲಗಳು ರಾಜ್ಯದಲ್ಲಿ 2016ರಿಂದಲೇ ನಿಷೇಧವಾಗಿರುವುದರಿಂದ ಅವು ಅಂಗಡಿಯೊಳಗೆ ಕಾಣಿಸಲೇಬಾರದು. ಅಕ್ಕಪಕ್ಕದವರಿಂದ ನಿರಾಕ್ಷೇಪಣಾ ಪತ್ರ ಕೇಳುವುದುಂಟು. ಕೇಳದಿದ್ದರೂ ಮೊದಲೇ ಅವರ ಮನೆಗೆ ಹೋಗಿ, ದಿನದಲ್ಲಿ ಯಾವ ಹೊತ್ತಿನಲ್ಲಿ ಹುರಿಯುತ್ತೀರಿ ಎಂದು ತಿಳಿಸಿ ಬರುವುದು ಒಳ್ಳೆಯದು. ವಯಸ್ಸಾದವರಿಗೆ, ಉಬ್ಬಸ ಇರುವವರಿಗೆ ಅದು ನಿಜವಾಗಿಯೂ ಮುಖ್ಯ.

ನಗರಸಭೆಯ ಆಚೆಗೂ ಕೆಲವು ಕೆಲಸಗಳಿವೆ. ಆಹಾರ ಪದಾರ್ಥವಾದ್ದರಿಂದ ಆಹಾರ ಸುರಕ್ಷತಾ ಪ್ರಾಧಿಕಾರದ, ಅಂದರೆ ಎಫ್‌ಎಸ್‌ಎಸ್‌ಎಐ ನೋಂದಣಿ ಅಥವಾ ವಹಿವಾಟಿಗೆ ತಕ್ಕ ಪರವಾನಗಿ ಬೇಕು. ಚಿಕೋರಿ ಬೆರೆಸುವುದಾದರೆ ಮಿಶ್ರಣದಲ್ಲಿ ಕಾಫಿ ಶೇ. 51ಕ್ಕೆ ಕಡಿಮೆ ಇರಕೂಡದು, ಪ್ರಮಾಣವನ್ನು ಪೊಟ್ಟಣದ ಮೇಲೆ ಮುದ್ರಿಸಬೇಕು. ತಕ್ಕಡಿಗೆ ತೂಕ ಮತ್ತು ಅಳತೆ ಇಲಾಖೆಯ ಮುದ್ರೆ ಹಾಕಿಸಬೇಕು. ಅಂಗಡಿ ಆರಂಭಿಸಿದ 30 ದಿನಗಳೊಳಗೆ ಕಾರ್ಮಿಕ ಇಲಾಖೆಯಲ್ಲಿ 1961ರ ಅಂಗಡಿ ಮತ್ತು ವಾಣಿಜ್ಯ ಸಂಸ್ಥೆಗಳ ಕಾಯ್ದೆಯಡಿ ನೋಂದಾಯಿಸಬೇಕು. ದೊಡ್ಡ ಯಂತ್ರವಿಡುವವರು ಮಾಲಿನ್ಯ ನಿಯಂತ್ರಣ ಮಂಡಳಿಯ ಕಚೇರಿಯಲ್ಲೂ ಮುಂಚೆಯೇ ವಿಚಾರಿಸಿಕೊಳ್ಳಲಿ. ನಾಮಫಲಕದ ಶೇ. 60 ಭಾಗ ಕನ್ನಡವಿರಬೇಕು, ಅದೂ ಮೇಲ್ಭಾಗದಲ್ಲಿರಬೇಕು ಎಂದು ಕನ್ನಡ ಭಾಷಾ ಸಮಗ್ರ ಅಭಿವೃದ್ಧಿ ಕಾಯ್ದೆಯ 2024ರ ತಿದ್ದುಪಡಿ ಹೇಳುತ್ತದೆ; ಬರೆಸುವವರಿಗೆ ಮೊದಲೇ ಹೇಳಿದರೆ ಎರಡನೆಯ ಸಲ ಬರೆಸುವ ಖರ್ಚು ತಪ್ಪುತ್ತದೆ.

ಗೊತ್ತುಪಡಿಸಿದ ದಿನ ಕಳೆದರೂ ಪರವಾನಗಿ ಬರದಿದ್ದರೆ ಜಗಳಕ್ಕೆ ಹೋಗಬೇಡಿ, ಸುಮ್ಮನೆ ಕೂರಲೂ ಬೇಡಿ. ಜಿಎಸ್‌ಸಿ ಸಂಖ್ಯೆ ಹಿಡಿದು ಸಕಾಲದಡಿ ಸಕ್ಷಮ ಅಧಿಕಾರಿಗೆ ಮೇಲ್ಮನವಿ ಸಲ್ಲಿಸಿ. ವಿಳಂಬಕ್ಕೆ ದಿನಕ್ಕೆ 20 ರೂಪಾಯಿಯಂತೆ ಗರಿಷ್ಠ 500 ರೂಪಾಯಿ ಪರಿಹಾರ ವೆಚ್ಚವನ್ನು ಕೇಳುವ ಹಕ್ಕು ನಿಮಗಿದೆ. ಮೊತ್ತ ಚಿಕ್ಕದು, ಆದರೆ ಅದು ತಡಮಾಡಿದವರ ಹೊಣೆಯಾಗಿ ದಾಖಲಾಗುವುದರಿಂದ ಕಡತ ಚಲಿಸುತ್ತದೆ. ಅರ್ಜಿ ತಿರಸ್ಕಾರವಾದರೆ ಕಾರಣವನ್ನು ಬರಹದಲ್ಲಿ ಪಡೆಯಿರಿ, ಬಾಯಿಮಾತಿನ ನಿರಾಕರಣೆಗೆ ಮೇಲ್ಮನವಿ ಬರೆಯಲಾಗದು. ನಿಮ್ಮ ಬೀದಿಗೆ ಅಥವಾ ಮಳಿಗೆಗೆ ಸಂಬಂಧಿಸಿದ ಸಭೆಯ ಠರಾವು (ನಿರ್ಣಯ) ಬೇಕಿದ್ದರೆ, ಸಭೆಯ ದಿನಾಂಕ ಮತ್ತು ವಿಷಯವನ್ನು ಬರೆದು, 10 ರೂಪಾಯಿ ಶುಲ್ಕದೊಂದಿಗೆ ಮಾಹಿತಿ ಹಕ್ಕಿನ ಅರ್ಜಿ ಹಾಕಿ. 30 ದಿನಗಳೊಳಗೆ ಉತ್ತರ ಕೊಡಬೇಕು. ‘ಎಲ್ಲ ಠರಾವುಗಳನ್ನೂ ಕೊಡಿ’ ಎಂದು ಕೇಳುವುದಕ್ಕಿಂತ ಇಂಥ ದಿನದ ಇಂಥ ವಿಷಯ ಎಂದು ಕೇಳಿದರೆ ಬೇಗ ಸಿಗುತ್ತದೆ.

ಪರವಾನಗಿ ಕೈಗೆ ಬಂದ ಮೇಲೆ ಅದರಲ್ಲಿರುವ ಹೆಸರು, ಕಟ್ಟಡದ ಸಂಖ್ಯೆ, ಉದ್ದಿಮೆಯ ವಿವರ, ಅವಧಿ ನಾಲ್ಕನ್ನೂ ಓದಿ, ತಪ್ಪಿದ್ದರೆ ಅದೇ ವಾರ ತಿದ್ದಿಸಿ, ಚೌಕಟ್ಟು ಹಾಕಿಸಿ ಗಿರಾಕಿಗಳಿಗೆ ಕಾಣುವಂತೆ ತೂಗುಹಾಕಿ. ಪರವಾನಗಿಯ ವರ್ಷವೆಂದರೆ ಏಪ್ರಿಲ್ 1ರಿಂದ ಮಾರ್ಚ್ 31ರವರೆಗೆ. ಜನವರಿಯಲ್ಲಿ ಪಡೆದದ್ದು ಮುಂದಿನ ಜನವರಿಯವರೆಗೆ ನಡೆಯುತ್ತದೆ ಎಂದು ತಿಳಿದು ದಂಡ ತೆತ್ತವರಿದ್ದಾರೆ. ಫೆಬ್ರವರಿಯಲ್ಲೇ ನವೀಕರಣದ ಅರ್ಜಿ ಹಾಕಿದರೆ ಮಾರ್ಚ್ ಕೊನೆಯ ನೂಕುನುಗ್ಗಲು ತಪ್ಪುತ್ತದೆ. ಯಂತ್ರ ಬದಲಿಸಿದರೆ, ಪಾಲುದಾರರನ್ನು ಸೇರಿಸಿಕೊಂಡರೆ, ಅಂಗಡಿಯನ್ನು ಪಕ್ಕದ ಬೀದಿಗೆ ಸಾಗಿಸಿದರೆ ಅದನ್ನೂ ಬರೆದು ತಿಳಿಸಬೇಕು. ವ್ಯಾಪಾರ ಕೈಗೂಡದೆ ಅಂಗಡಿ ಮುಚ್ಚುವ ಸಂದರ್ಭ ಬಂದರೆ, ಬಾಗಿಲು ಹಾಕಿ ಬೀಗದ ಕೈಯನ್ನು ಮಾಲೀಕರಿಗೆ ಒಪ್ಪಿಸಿದಷ್ಟಕ್ಕೆ ಕೆಲಸ ಮುಗಿಯುವುದಿಲ್ಲ. ಉದ್ದಿಮೆಯನ್ನು ಇಂಥ ದಿನಾಂಕದಿಂದ ನಿಲ್ಲಿಸಿದ್ದೇನೆ ಎಂದು ಪೌರಾಯುಕ್ತರಿಗೆ ಪತ್ರ ಬರೆದು, ಮೂಲ ಪರವಾನಗಿಯನ್ನು ಹಿಂತಿರುಗಿಸಿ, ಪತ್ರದ ನಕಲಿನ ಮೇಲೆ ಟಪಾಲು ಶಾಖೆಯ ಮೊಹರು ಹಾಕಿಸಿಕೊಂಡು ಇಟ್ಟುಕೊಳ್ಳಿ. ಇಲ್ಲದಿದ್ದರೆ ಮುಚ್ಚಿದ ಅಂಗಡಿಯ ಹೆಸರಿನಲ್ಲಿ ಶುಲ್ಕದ ಬಾಕಿಯ ನೋಟಿಸು ಬಂದಾಗ ತೋರಿಸಲು ನಿಮ್ಮ ಬಳಿ ಯಾವ ದಾಖಲೆಯೂ ಇರುವುದಿಲ್ಲ.